ಹೊಲಿಗೆ ಬಿಡದೆ ಕತ್ತು ನೋವನ್ನು ಹತೋಟಿಯಲ್ಲಿಡುವುದು ಹೇಗೆ

ನನ್ನ ಕತ್ತಿನ ಐದು ಮತ್ತು ಆರನೇ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ತೆಗೆದು, ಪ್ಲೇಟು ಸ್ಕ್ರೂ ಹಾಕಿ ಬೆಸೆದಿದ್ದಾರೆ. ಆಪರೇಷನ್ ಆದಮೇಲೆ ಬಲಗೈಗೆ ಕರೆಂಟು ಹೊಡೆದಂತೆ ಇಳಿಯುತ್ತಿದ್ದ ನೋವು ನಿಂತಿತು, ಕತ್ತಿನದು ಉಳಿಯಿತು. ಇನ್ನೊಂದು ಮಾಡಿಸಿಬಿಡಲಾ ಅಂತ ಕೇಳಿದ್ದಕ್ಕೆ ಡಾಕ್ಟರು ಹೊಸ ಎಂಆರ್‌ಐ ನೋಡಿ, ನರ ಎಲ್ಲೂ ಒತ್ತಿಲ್ಲ, ಕೈಯಲ್ಲಿ ಶಕ್ತಿ ಇದೆ, ಬರೀ ನೋವಿಗಾಗಿ ಮತ್ತೆ ಕೊಯ್ಯುವುದು ಬೇಡ ಅಂದರು. ಕತ್ತಿನಲ್ಲಿರುವುದು ಏಳೇ ಮೂಳೆ. ಎರಡು ಬೆಸೆದುಕೊಂಡರೆ ಅವುಗಳ ಪಾಲಿನ ಕೆಲಸ ಮೇಲಿನ, ಕೆಳಗಿನ ಕೀಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಬಟ್ಟೆ ಹೊಲಿಯುವವರು ಮೊದಲು ಸರಿಮಾಡಿಕೊಳ್ಳಬೇಕಾದದ್ದು ಕೆಲಸದ ಎತ್ತರ.

ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸುವುದನ್ನು ಬಿಡಿ. ನಿಂತಾಗ ಮೊಣಕೈ ಮಟ್ಟಕ್ಕೆ ಬರುವ ಮೇಜು ಬೇಕು. ಹೊಸದು ಕೊಳ್ಳಬೇಕಿಲ್ಲ, ಹಳೇ ಮೇಜಿನ ಕಾಲುಗಳಡಿ ಮರದ ದಿಮ್ಮಿ ಕೊಟ್ಟರೆ ಸಾಕು. ಅಲ್ಲಾಡಬಾರದು ಅಷ್ಟೆ. ಸೀರೆಗೆ ಕುಚ್ಚು ಕಟ್ಟುವಾಗ ಸೆರಗನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟೆಗಟ್ಟಲೆ ಬಗ್ಗುವುದೇ ನಮ್ಮ ಕತ್ತಿಗೆ ದೊಡ್ಡ ಶತ್ರು. ನಾನು ಕಿಟಕಿಯ ಸರಳಿಗೆ ಎದೆಯ ಮಟ್ಟದಲ್ಲಿ ಒಂದು ಪಟ್ಟಿ ಕಟ್ಟಿ, ಸೆರಗನ್ನು ಅದಕ್ಕೆ ಪಿನ್ ಹಾಕಿ ಕುಚ್ಚು ಕಟ್ಟುತ್ತೇನೆ. ಹೆಮ್ಮಿಂಗ್ ಮಾಡುವಾಗ ಮಡಿಲಲ್ಲಿ ಎರಡು ದಿಂಬು ಪೇರಿಸಿ ಬಟ್ಟೆಯನ್ನು ಮೇಲೆ ತನ್ನಿ.

ಕನ್ನಡಕದ ವಿಷಯ ಯಾರೂ ಹೇಳುವುದಿಲ್ಲ. ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಇರುವ ಬೈಫೋಕಲ್ ಹಾಕಿ ಸೂಜಿ ನೋಡಬೇಕೆಂದರೆ ಕತ್ತು ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಬೇಕಾಗುತ್ತದೆ. ಮಷಿನ್ ಸೂಜಿಗೂ ಕಣ್ಣಿಗೂ ಇರುವ ದೂರವನ್ನು ಟೇಪಿನಲ್ಲಿ ಅಳೆದು, ಅಷ್ಟು ದೂರಕ್ಕೇ ಸರಿಹೊಂದುವ ಒಂದೇ ಪವರ್‌ನ ಕನ್ನಡಕ ಬೇರೆ ಮಾಡಿಸಿ.

ಬಾಬಿನ್ ದಾರ ಮುಗಿದಾಗಲೆಲ್ಲ ಏಳಿ, ಗಡಿಯಾರ ನೋಡಬೇಕಿಲ್ಲ. ಫಿಸಿಯೋ ಹೇಳಿಕೊಟ್ಟ ಎರಡು ವ್ಯಾಯಾಮ ನನಗೆ ಸಾಕಾಗಿವೆ. ಒಂದು: ನೇರ ನೋಡುತ್ತ ಗದ್ದವನ್ನು ಹಿಂದಕ್ಕೆ ಎಳೆಯುವುದು. ಕೆಳಕ್ಕಲ್ಲ, ಸೀದಾ ಹಿಂದಕ್ಕೆ. ಗಂಟಲ ಬಳಿ ಎರಡನೇ ಗದ್ದ ಮೂಡಿದರೆ ಸರಿಯಾಗಿದೆ ಎಂದರ್ಥ. ಇನ್ನೊಂದು: ಹಣೆಗೆ ಅಂಗೈ ಕೊಟ್ಟು, ತಲೆ ಅಲ್ಲಾಡದಂತೆ ಮೆಲ್ಲಗೆ ಒತ್ತಿ 5 ಸೆಕೆಂಡ್ ಹಿಡಿಯುವುದು. ಆಮೇಲೆ ಎರಡೂ ಪಕ್ಕ, ಹಿಂದೆ. ಆಪರೇಷನ್ ಆದವರು ತಮ್ಮ ಫಿಸಿಯೋ ಒಪ್ಪಿದ ಮೇಲೇ ಶುರುಮಾಡಿ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ನಮ್ಮಂಥವರಿಗಲ್ಲ. ಸಲೂನಿನಲ್ಲಿ ಲಟಕ್ಕೆಂದು ಕತ್ತು ತಿರುಗಿಸಿಕೊಳ್ಳುವ ನಮ್ಮ ಮನೆಯವರಿಗೂ ಇದನ್ನೇ ಹೇಳುತ್ತೇನೆ. ಕೇಳಿದರೆ ತಾನೆ?

ಪಕ್ಕಕ್ಕೆ ಮಲಗುವಾಗ ದಿಂಬಿನ ದಪ್ಪ ಕಿವಿಗೂ ಹಾಸಿಗೆಗೂ ನಡುವಿನ ಜಾಗವನ್ನು ತುಂಬುವಷ್ಟಿರಲಿ. ಬೋರಲು ಬೇಡ.

ಮದುವೆ ಸೀಸನ್‌ನಲ್ಲಿ ನೋವು ಕೆರಳಿಯೇ ಕೆರಳುತ್ತದೆ. ಆಗ ಎರಡು ದಿನ ಕುಚ್ಚು, ಹೆಮ್ಮಿಂಗ್ ಬದಿಗಿಟ್ಟು ಮಷಿನ್ ಕೆಲಸವನ್ನಷ್ಟೇ ಸ್ವಲ್ಪ ಸ್ವಲ್ಪ ಮಾಡಿ. ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ 15 ನಿಮಿಷ ಶಾಖ ಕೊಡಿ. ಪೂರ್ತಿ ಮಲಗಿಬಿಟ್ಟರೆ ಕತ್ತು ಇನ್ನೂ ಬಿಗಿಯುತ್ತದೆ. ಕತ್ತಿಗೆ ಆಧಾರವಾಗಿ ಕಟ್ಟುವ ಕಾಲರನ್ನು ದಿನವಿಡೀ ಹಾಕಿಕೊಂಡರೆ ಸ್ನಾಯು ಸೊರಗುತ್ತವೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ತಿಂಗಳಾನುಗಟ್ಟಲೆ ನುಂಗಬೇಡಿ. ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಆದರೆ ನೋವು ಬೇರೆ, ಶಕ್ತಿ ಕುಂದುವುದು ಬೇರೆ. ಗುಂಡಿ ಹಾಕುವಾಗ ಬೆರಳು ತಡವರಿಸಿದರೆ, ಕತ್ತರಿ ಕೈಯಿಂದ ಜಾರತೊಡಗಿದರೆ, ನಡೆಯುವಾಗ ಕಾಲು ತೊಡರಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ, ಜ್ವರದ ಜೊತೆ ಕತ್ತು ಸೆಟೆದುಕೊಂಡರೆ ಶಾಖ ಕೊಡುತ್ತ ಕೂರಬೇಡಿ. ಗಿರಾಕಿಗೆ ಫೋನ್ ಮಾಡಿ ಬ್ಲೌಸ್ ತಡವಾಗುತ್ತದೆ ಅಂತ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ.