ವಾಟರ್ ಕೂಲಿಂಗ್ ಲೂಪ್‌ಗೆ ಫ್ಲೋ ಸೆನ್ಸರ್: ನಾನು ಜೋಡಿಸಿದ ಬಗೆ

ವಾಟರ್ ಕೂಲಿಂಗ್ ಲೂಪ್ ಅಂದರೆ ಕಂಪ್ಯೂಟರ್‌ನ ಬಿಸಿಯನ್ನು ಹೊತ್ತೊಯ್ಯಲು ಪಂಪ್ ನೀರನ್ನು ಟ್ಯೂಬ್‌ಗಳಲ್ಲಿ ಸುತ್ತಿಸುವ ವ್ಯವಸ್ಥೆ. ಆ ನೀರು ಎಷ್ಟು ಹರಿಯುತ್ತಿದೆ ಅಂತ ಅಳೆಯುವುದು ಫ್ಲೋ ಸೆನ್ಸರ್. ಪಂಪ್ ತಿರುಗುತ್ತಿದೆ ಅಂದ ಮಾತ್ರಕ್ಕೆ ನೀರು ಹರಿಯುತ್ತಿದೆ ಅಂತಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಇರುವುದು ಡಿ5 ಅನ್ನುವ ಪಂಪ್. ಟ್ಯೂಬ್ ಮಡಚಿಕೊಂಡರೂ, ಸಿಪಿಯು ಬ್ಲಾಕ್‌ನ (ಸಿಪಿಯು ಮೇಲೆ ಕೂರುವ, ನೀರು ಹಾಯುವ ಲೋಹದ ತುಂಡು) ಸಣ್ಣ ಸಂದುಗಳಲ್ಲಿ ಕಸ ಕಟ್ಟಿದರೂ ಪಂಪ್‌ನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಇಳಿಯುವುದಿಲ್ಲ. ದಾರಿ ಕಟ್ಟಿದರೆ ತಳ್ಳಬೇಕಾದ ನೀರು ಕಡಿಮೆ, ಹೊರೆಯೂ ಕಡಿಮೆ. ಹಾಗಾಗಿ ಆರ್‌ಪಿಎಂ ಸ್ವಲ್ಪ ಏರಿದರೂ ಏರಬಹುದು! ಈ ಅಂಕಿಯನ್ನು ನಂಬಿ ಕೂರುವುದು ಬೇಡ ಅನ್ನಿಸಿ ಸೆನ್ಸರ್ ಹಾಕಿದೆ.

ತಂದಿದ್ದು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ವೈಎಫ್-ಎಸ್201. ಒಳಗೆ ಒಂದು ಪುಟ್ಟ ಚಕ್ರ, ಚಕ್ರದಲ್ಲಿ ಅಯಸ್ಕಾಂತ, ಹೊರಗೆ ಆ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್. ನೀರು ಚಕ್ರವನ್ನು ತಿರುಗಿಸಿದಂತೆಲ್ಲ ಪಲ್ಸ್ ಬರುತ್ತದೆ. ಇದರ ಥ್ರೆಡ್ ಅರ್ಧ ಇಂಚಿನದು, ನಮ್ಮ ಫಿಟಿಂಗ್‌ಗಳು ಜಿ 1/4, ಅಂದರೆ ಕಾಲು ಇಂಚಿನ ಥ್ರೆಡ್. ನಡುವೆ ಅಡಾಪ್ಟರ್ ಬೇಕೇ ಬೇಕು. ಹಿತ್ತಾಳೆಯದು ತಗೊಳ್ಳಿ. ತಾಮ್ರದ ಬ್ಲಾಕ್ ಇರುವ ಲೂಪ್‌ಗೆ ಅಲ್ಯೂಮಿನಿಯಂ ಸೇರಿಸಿದರೆ ಅದು ಕೊರೆದುಹೋಗುತ್ತದೆ. ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಬೇಕು. ಲೂಪ್‌ನಲ್ಲಿ ಎಲ್ಲಿಟ್ಟರೂ ಹರಿವು ಒಂದೇ, ಆದರೆ ಪಂಪ್‌ನ ಬಾಯಿಗೇ ಅಂಟಿಸಬೇಡಿ. ಅಲ್ಲಿ ನೀರು ಸುಳಿ ಸುತ್ತುತ್ತದೆ. ನಾನು ರೇಡಿಯೇಟರ್ ಆದಮೇಲೆ ನೇರ ಟ್ಯೂಬ್ ಇರುವ ಕಡೆ ಇಟ್ಟಿದ್ದೇನೆ.

ಇನ್ನು ವೈರ್. ಸೆನ್ಸರ್‌ನಲ್ಲಿ ಮೂರು ವೈರ್ ಇವೆ: ಕೆಂಪು ವೋಲ್ಟೇಜ್, ಕಪ್ಪು ಗ್ರೌಂಡ್, ಹಳದಿ ಸಿಗ್ನಲ್. ಎಚ್ಚರ ಬೇಕಿರುವುದು ಇಲ್ಲೇ. ಪವರ್ ಸಪ್ಲೈನ ಮೋಲೆಕ್ಸ್ ಕನೆಕ್ಟರ್‌ನಲ್ಲಿ ಕೆಂಪು 5 ವೋಲ್ಟ್, ಹಳದಿ 12 ವೋಲ್ಟ್. ಬಣ್ಣ ನೋಡಿ ಹಳದಿಗೆ ಹಳದಿ ಸೇರಿಸಿದರೆ ಸಿಗ್ನಲ್ ವೈರ್‌ಗೆ 12 ವೋಲ್ಟ್ ಬಿದ್ದು ಸೆನ್ಸರ್ ಸುಟ್ಟೇ ಹೋಗಬಹುದು. ನಾನು ಕೆಂಪನ್ನು ಮೋಲೆಕ್ಸ್‌ನ 5 ವೋಲ್ಟ್‌ಗೆ, ಕಪ್ಪನ್ನು ಅದರ ಗ್ರೌಂಡ್‌ಗೆ ಕೊಟ್ಟೆ. ಹಳದಿಯನ್ನು ಮಾತ್ರ ಮದರ್‌ಬೋರ್ಡ್‌ನ ಫ್ಯಾನ್ ಹೆಡರ್‌ನ (ಫ್ಯಾನ್ ಸಿಕ್ಕಿಸುವ ಪಿನ್‌ಗಳು) ಮೂರನೇ ಪಿನ್‌ಗೆ, ಅಂದರೆ ಫ್ಯಾನ್‌ನ ವೇಗ ಓದುವ ಟ್ಯಾಕೋ ಪಿನ್‌ಗೆ ಹಾಕಿದೆ. ಸೆನ್ಸರ್‌ಗೂ ಬೋರ್ಡ್‌ಗೂ ಪವರ್ ಸಪ್ಲೈ ಒಂದೇ ಆದ್ದರಿಂದ ಗ್ರೌಂಡ್ ತಾನಾಗಿ ಸೇರಿರುತ್ತದೆ. ಹೆಡರ್‌ನಿಂದಲೇ 12 ವೋಲ್ಟ್ ತಗೊಂಡರೂ ಈ ಸೆನ್ಸರ್ ತಡೆದುಕೊಳ್ಳುತ್ತದೆ. ಆದರೆ ಹೆಡರ್ ಡಿಸಿ ಮೋಡ್‌ನಲ್ಲಿದ್ದರೆ ಬೋರ್ಡ್ ವೋಲ್ಟೇಜನ್ನು ಏರಿಸುತ್ತ ಇಳಿಸುತ್ತ ಇರುತ್ತದೆ. ಸುಮ್ನೆ ಯಾಕೆ ಆ ರಗಳೆ?

ಬೋರ್ಡ್ ಇದನ್ನು ಫ್ಯಾನ್ ಅಂದುಕೊಂಡು ಆರ್‌ಪಿಎಂ ತೋರಿಸುತ್ತದೆ. ಪ್ರತಿ ಸುತ್ತಿಗೂ ಎರಡು ಪಲ್ಸ್ ಅನ್ನುವುದು ಅದರ ಲೆಕ್ಕ. ಈ ಸೆನ್ಸರ್ ಲೀಟರ್‌ಗೆ ಸುಮಾರು 450 ಪಲ್ಸ್ ಕೊಡುತ್ತದೆ. ಹಾಗಾಗಿ ತೋರಿಸುವ ಆರ್‌ಪಿಎಂ ಅನ್ನು 225ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಸಿಗುತ್ತದೆ. 450 ಆರ್‌ಪಿಎಂ ಅಂದರೆ 2 ಲೀಟರ್. ಎಚ್‌ಡಬ್ಲ್ಯುಇನ್ಫೋ ಅನ್ನುವ, ಸೆನ್ಸರ್‌ಗಳ ಅಂಕಿ ತೋರಿಸುವ ತಂತ್ರಾಂಶದಲ್ಲಿ ಗುಣಿಸುವ ಸಂಖ್ಯೆ 0.00444 ಕೊಟ್ಟು, ಯೂನಿಟ್ ಬದಲಿಸಿದರೆ ಲೀಟರ್‌ನಲ್ಲೇ ಕಾಣುತ್ತದೆ.

ಈ ಸೆನ್ಸರ್‌ನಲ್ಲಿ ಶೇ. 10ರಷ್ಟು ಹೆಚ್ಚುಕಮ್ಮಿ ಇರುತ್ತದೆ. ಅದಕ್ಕೇ ಲೂಪ್ ಮುಚ್ಚುವ ಮೊದಲು ಕೊನೆಯ ಟ್ಯೂಬನ್ನು ಒಂದು ಲೀಟರ್ ಬಾಟಲಿಗೆ ಬಿಟ್ಟು, ಮೊಬೈಲ್‌ನಲ್ಲಿ ಸಮಯ ನೋಡಿಕೊಂಡೆ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 2 ಲೀಟರ್ ವೇಗ. ಸ್ಕ್ರೀನ್ ಬೇರೆ ಹೇಳಿದರೆ ಗುಣಿಸುವ ಸಂಖ್ಯೆಯನ್ನು ತಿದ್ದಿದರಾಯಿತು. ಆ ಹೊತ್ತಿನಲ್ಲಿ ರಿಸರ್ವಾಯರ್‌ಗೆ (ಲೂಪ್‌ನ ನೀರಿನ ತೊಟ್ಟಿ) ನೀರು ಸುರಿಯುತ್ತಲೇ ಇರಬೇಕು, ಒಣಗಿದ ಪಂಪ್ ಓಡಿಸಬಾರದು. ನಿಜ ಹೇಳಬೇಕೆಂದರೆ ಇಷ್ಟು ಕರಾರುವಾಕ್ಕಾಗಿ ತಿಳಿಯುವ ಅಗತ್ಯ ಜಾಸ್ತಿ ಇಲ್ಲ. ನಿನ್ನೆಯ ಅಂಕಿ ಇಂದು ಇಳಿದಿದೆಯಾ ಅನ್ನುವುದೇ ನನಗೆ ಮುಖ್ಯ.

ಸಿಪಿಯು ಫ್ಯಾನ್ ಹೆಡರ್‌ಗೆ ಮಾತ್ರ ಇದನ್ನು ಹಾಕಬೇಡಿ. ಇಷ್ಟು ಕಡಿಮೆ ಆರ್‌ಪಿಎಂ ನೋಡಿ ಕೆಲವು ಬೋರ್ಡ್‌ಗಳು ಫ್ಯಾನ್ ಎರರ್ ಅಂತ ಬೂಟ್ ನಿಲ್ಲಿಸುತ್ತವೆ. ನಾನು ಕೇಸ್ ಫ್ಯಾನ್ ಹೆಡರ್ ಬಳಸಿ, ಬಯಾಸ್‌ನಲ್ಲಿ ಎಚ್ಚರಿಕೆಯ ಮಿತಿ ಇಳಿಸಿದೆ. ಹರಿವು 1 ಲೀಟರ್‌ಗಿಂತ ಕೆಳಗೆ ಬಂದರೆ ಎಚ್‌ಡಬ್ಲ್ಯುಇನ್ಫೋ ಶಟ್‌ಡೌನ್ ಕಮಾಂಡ್ ಓಡಿಸುವಂತೆ ಅಲರ್ಟ್ ಇಟ್ಟಿದ್ದೇನೆ. ಟ್ಯೂಬನ್ನು ಬೆರಳಲ್ಲಿ ಒತ್ತಿ ಹಿಡಿದು ಪರೀಕ್ಷೆ ಮಾಡಿದ್ದೂ ಆಯಿತು, ಅಲರ್ಟ್ ಕೆಲಸ ಮಾಡಿತು.