ಆಟಿಯ ಮೇವಿಗೆ ಬೇಸಿಗೆಯಲ್ಲೇ ಉಂಡೆ ಸುತ್ತಿ

ಉಡುಪಿ, ಮಂಗಳೂರು ಕಡೆ ಹಟ್ಟಿಯಲ್ಲಿ ಮೂರು-ನಾಲ್ಕು ದನ ಸಾಕುವವರಿಗೆ ರಸಮೇವಿನ (ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಸೈಲೇಜ್) ಗುಂಡಿ ಅಷ್ಟಾಗಿ ಹೊಂದುವುದಿಲ್ಲ. ಮಳೆಗಾಲದಲ್ಲಿ, ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ, ಗುಂಡಿಗೆ ಒರತೆ ನುಗ್ಗುತ್ತದೆ. ಬಾಯಿ ತೆರೆದ ಮೇಲೆ ಬೇಗ ಖಾಲಿ ಮಾಡುವಷ್ಟು ದನವೂ ಇರುವುದಿಲ್ಲ. 55 ಸೆಂ.ಮೀ. ಅಡ್ಡಳತೆಯ, 60ರಿಂದ 80 ಕಿಲೋ ತೂಗುವ ಪ್ಲಾಸ್ಟಿಕ್ ಸುತ್ತಿದ ಉಂಡೆಯೇ ಇಲ್ಲಿಗೆ ಸರಿ.

ಏಣಿಲು (ಮಳೆಗಾಲದ ಭತ್ತ) ಕೊಯ್ಲಾದ ಗದ್ದೆಯಲ್ಲಿ ನೀರಿನ ಅನುಕೂಲವಿದ್ದರೆ ಮುಸುಕಿನ ಜೋಳ ಹಾಕಬಹುದು. 80-90 ದಿನಕ್ಕೆ, ಕಾಳಿಗೆ ಉಗುರು ಒತ್ತಿದಾಗ ಹಾಲು ಚಿಮ್ಮದೆ ಹಿಟ್ಟಿನಂತೆ ಅಮುಕುವ ಹೊತ್ತಿಗೆ ಕಡಿಯಿರಿ. ನೇಪಿಯರ್ ಹುಲ್ಲಾದರೆ 45-50 ದಿನದ್ದು. ಅದರಲ್ಲಿ ನೀರು ಹೆಚ್ಚು, ಸಿಹಿ ಕಡಿಮೆ. ಹಾಗಾಗಿ ಒಂದು ದಿನ ಬಾಡಿಸಿ, 100 ಕಿಲೋ ಹುಲ್ಲಿಗೆ 2 ಕಿಲೋ ಬೆಲ್ಲವನ್ನು ಕರಗುವಷ್ಟೇ ನೀರಿನಲ್ಲಿ ಕದಡಿ ಚಿಮುಕಿಸಬೇಕು. ಬೆಲ್ಲ ಉಳಿಸಲು ಹೋದವರ ಉಂಡೆ ಹುಳಿಯಾಗುವ ಬದಲು ಕೊಳೆಯುವುದುಂಟು.

ಮೇವನ್ನು 2 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಉದ್ದ ಉಳಿದ ದಂಟು ಒಳಗೆ ಗಾಳಿ ಉಳಿಸುತ್ತದೆ, ಪ್ಲಾಸ್ಟಿಕ್ಕನ್ನೂ ಚುಚ್ಚುತ್ತದೆ. ತೇವ ನೋಡಲು ಒಂದು ಹಿಡಿ ಮೇವನ್ನು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ, ಕೈ ಬಿಡಿಸಿ. ರಸ ತೊಟ್ಟಿಕ್ಕಿದರೆ ಇನ್ನೂ ಬಾಡಬೇಕು. ಮುದ್ದೆ ತಕ್ಷಣ ಉದುರಿದರೆ ಒಣಗಿದ್ದು ಹೆಚ್ಚಾಯಿತು. ಅಂಗೈ ಒದ್ದೆಯಾಗಿ, ಮುದ್ದೆ ನಿಧಾನಕ್ಕೆ ಬಿಚ್ಚಿಕೊಂಡರೆ ಹದ. ಆಗ ತೇವಾಂಶ ಶೇ. 65-70ರ ಆಸುಪಾಸಿನಲ್ಲಿರುತ್ತದೆ.

ಉಂಡೆ ಕಟ್ಟುವ ಯಂತ್ರದಲ್ಲಿ ಉಂಡೆ ಗಟ್ಟಿಯಾಗಿ ಬಂದ ಮೇಲೆ ಬಲೆ ಸುತ್ತಿಸಿ. ಎಣ್ಣೆ ಹಾಕಿದ ಕತ್ತಾಳೆ ಹುರಿ ಬೇಡ, ಆ ಎಣ್ಣೆ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ. ಕಟ್ಟಿದ ಉಂಡೆಯನ್ನು ಎರಡು ಗಂಟೆಯೊಳಗೆ ಸುತ್ತಿ ಮುಗಿಸಿ. ನಮ್ಮ ಸೆಕೆಗೆ ಬೆಳಗಿನವರೆಗೆ ಬಿಟ್ಟರೆ ಒಳಗೆ ಕಾವೇರಿರುತ್ತದೆ.

ಹಣ ಉಳಿಸುವ ಆಸೆ ಹುಟ್ಟುವುದು ಸುತ್ತುವಾಗಲೇ. 25 ಮೈಕ್ರಾನ್ ಹಾಳೆ ನಾಲ್ಕು ಪದರ ಸಾಕು ಎನ್ನುವವರಿದ್ದಾರೆ. ದಪ್ಪ ದಂಟಿನ ಮೇವಿಗೆ, ಈ ಕರಾವಳಿಯ ಬಿಸಿಲು-ಮಳೆಗೆ ಆರು ಪದರವೇ ಬೇಕು. ಎಣಿಕೆ ಹೀಗೆ: ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತಿರಲಿ. ಉಂಡೆಯ ಮೇವು ಎಲ್ಲೂ ಕಾಣದಂತೆ ಮೊದಲ ಬಾರಿ ಮುಚ್ಚಿಹೋಗಲು ಎಷ್ಟು ತಿರುಗಿತು ಎಂದು ಎಣಿಸಿ, ಒಂದು ಸೇರಿಸಿ, ಮೂರರಿಂದ ಗುಣಿಸಿ. ಅಷ್ಟು ತಿರುಗಿದರೆ ಆರು ಪದರ. ಹಾಳೆ ಎಳೆತವನ್ನೂ ಟೇಪಿನಲ್ಲಿ ಅಳೆಯಿರಿ. 250 ಮಿ.ಮೀ. ಅಗಲದ ಹಾಳೆ ಉಂಡೆಯ ಮೇಲೆ ಸುಮಾರು 200 ಮಿ.ಮೀ. ಇರಬೇಕು. ಅದಕ್ಕಿಂತ ತೀರಾ ಕಿರಿದಾದರೆ ಅತಿಯಾಗಿ ಎಳೆದು ತೆಳುವಾಗಿದೆ ಎಂದರ್ಥ. ಹಾಳೆ ಎಳೆಯುವ ರೋಲರಿಗೆ ಅಂಟು ಮೆತ್ತಿದ್ದರೆ ಹೀಗಾಗುತ್ತದೆ, ಒರೆಸಿ. ಅಂಟಿನ ಬದಿ ಒಳಮುಖವಾಗಿರಲಿ. ಹನಿ ಮಳೆ ಬಿದ್ದರೂ ಕೆಲಸ ನಿಲ್ಲಿಸಿ, ಒದ್ದೆಯಾದ ಪದರಗಳು ಒಂದಕ್ಕೊಂದು ಅಂಟುವುದಿಲ್ಲ.

ಇನ್ನು ಇಡುವ ಜಾಗ. ತೆಂಗಿನ ಮರದಡಿ ಬೇಡವೇ ಬೇಡ: ಒಂದು ಕಾಯಿ ಬಿದ್ದರೆ ಆರು ಪದರವೂ ಒಟ್ಟಿಗೆ ಹರಿಯುತ್ತವೆ. ನೀರು ನಿಲ್ಲದ ಎತ್ತರದ ನೆಲವನ್ನು ಗುಡಿಸಿ, ಕಲ್ಲಿನ ಚೂರು ಹೆಕ್ಕಿ, ಹಳೆ ಟಾರ್ಪಾಲು ಹಾಸಿ. ಅಡಿಕೆ ಸಲಾಕೆಯ ಅಟ್ಟ ಮಾಡುವುದಾದರೆ ಮೇಲೆ ಗೋಣಿ ಹಾಕಲೇಬೇಕು, ಸಲಾಕೆಯ ಸಿಬಿರು ಸೂಜಿಯಂತೆ ಚುಚ್ಚುತ್ತದೆ. ಉಂಡೆಯನ್ನು ಚಪ್ಪಟೆ ತಲೆಯ ಮೇಲೆ ನಿಲ್ಲಿಸಿ, ಅಲ್ಲಿ ಪ್ಲಾಸ್ಟಿಕ್ ಹೆಚ್ಚು ಪದರ ಕೂತಿರುತ್ತದೆ. ಗೋಡೆಯಿಂದ ಒಂದೂವರೆ ಅಡಿ ಬಿಡಿ. ಸಂದು ಸಿಕ್ಕರೆ ಹೆಗ್ಗಣ ಮನೆ ಮಾಡುತ್ತದೆ. ಕಾಗೆ, ನವಿಲು ಕುಕ್ಕದಂತೆ ಮೇಲೊಂದು ಬಲೆ ಹೊದಿಸಿ. ವಾರಕ್ಕೊಮ್ಮೆ ಸುತ್ತ ನೋಡಿ, ತೂತು ಕಂಡಲ್ಲಿ ಒರೆಸಿ ಒಣಗಿಸಿ, ಬಿಸಿಲು ತಡೆಯುವ ಸೈಲೇಜ್ ಟೇಪು ಹಚ್ಚಿ. ಪಾರ್ಸೆಲ್ ಟೇಪು ಬಿಸಿಲಿಗೆ ಬೇಗ ಎದ್ದುಬರುತ್ತದೆ.

45 ದಿನದ ಮೇಲೆ ಬಿಚ್ಚಬಹುದು. ಹಳದಿ ಮಿಶ್ರಿತ ಹಸಿರು ಬಣ್ಣ, ಹುಳಿ ಹಣ್ಣಿನ ವಾಸನೆ ಇದ್ದರೆ ಚೆನ್ನಾಗಿದೆ. ಸುಟ್ಟ ಬೆಲ್ಲದ ವಾಸನೆ, ಕಂದು ಬಣ್ಣ ಬಂದಿದ್ದರೆ ಗಾಳಿ ಉಳಿದು ಕಾವೇರಿದೆ. ಹಳಸಿದ ಬೆಣ್ಣೆಯ ನಾತವಿದ್ದರೆ ನೀರು ಹೆಚ್ಚಾಗಿತ್ತು ಅಥವಾ ಮಣ್ಣು ಸೇರಿತ್ತು. ನಾತ ಬಂದದ್ದನ್ನೂ ಬೂಸ್ಟು ಹಿಡಿದದ್ದನ್ನೂ ದನಕ್ಕೆ ಹಾಕಬೇಡಿ, ಗಬ್ಬದ ದನಕ್ಕಂತೂ ಖಂಡಿತ ಬೇಡ.

ಮೊದಲಿಗೆ ದನವೊಂದಕ್ಕೆ ದಿನಕ್ಕೆ 5 ಕಿಲೋ, ಒಂದು ವಾರದಲ್ಲಿ 15-20 ಕಿಲೋವರೆಗೆ ಏರಿಸಿ. ಬೈಹುಲ್ಲು ಜೊತೆಗಿರಲಿ. ಹಾಲು ಕರೆದ ಮೇಲೆಯೇ ಕೊಡಿ, ಇಲ್ಲವಾದರೆ ಹಾಲಿಗೆ ವಾಸನೆ ಹತ್ತುತ್ತದೆ. ಬಿಚ್ಚಿದ ಉಂಡೆ ಎರಡು ದಿನದಲ್ಲಿ ಮುಗಿಯಬೇಕು. ಉಂಡೆಗೆ ಸುತ್ತಿದ ಬಲೆಯನ್ನು ಇಡಿಯಾಗಿ ಎಳೆದು ತೆಗೆಯಿರಿ. ತುಂಡು ಗೋದಲಿಗೆ ಬಿದ್ದರೆ ದನ ಮೇವಿನ ಜೊತೆ ಅದನ್ನೂ ನುಂಗುತ್ತದೆ.