ಆಗಮನ ಕಾಲದಿಂದ ಮೂರು ರಾಯರ ಹಬ್ಬದವರೆಗೆ: ಮನೆಯಲ್ಲಿ ಕ್ರಿಸ್ಮಸ್ ಆಚರಿಸುವ ಬಗೆ

ಡಿಸೆಂಬರ್ ಶುರುವಾಗುತ್ತಲೇ ದೀಪಗಳನ್ನು ತೂಗುಹಾಕಿ, 26ರ ಬೆಳಿಗ್ಗೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬುವ ಮನೆಗಳು ಬಹಳ. ಕಥೋಲಿಕ ಧರ್ಮಸಭೆಯ ಪಂಚಾಂಗ ಹೇಳುವ ಲೆಕ್ಕವೇ ಬೇರೆ. ಅದರ ಪ್ರಕಾರ 24ರ ಸಂಜೆಯವರೆಗೆ ಕಾಯುವ ಕಾಲ (ಅದೇ ಆಗಮನ ಕಾಲ), ಹಬ್ಬದ ಕಾಲ ತೆರೆದುಕೊಳ್ಳುವುದು ಆಮೇಲೆ. ಮನೆಯಲ್ಲೂ ಇದೇ ಕ್ರಮ ಹಿಡಿಯಿರಿ. ಕಾದು ಪಡೆದ ಹಬ್ಬದ ಸಂತೋಷವನ್ನು ಮಕ್ಕಳು ಮರೆಯುವುದಿಲ್ಲ.

ಮೊದಲು ಆಗಮನ ಕಾಲದ ಹಸಿರು ವಲಯ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೆಯ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಹಸಿರೆಲೆಗಳನ್ನು ದುಂಡಗೆ ಕಟ್ಟಿ, ಮೂರು ನೇರಳೆ ಮತ್ತು ಒಂದು ಗುಲಾಬಿ ಬಣ್ಣದ ಮೇಣದಬತ್ತಿ ನಿಲ್ಲಿಸಿ. ಮೊದಲ ವಾರ ಒಂದು, ಎರಡನೆಯ ವಾರ ಎರಡು, ಹೀಗೆ ಬೆಳಕು ಹೆಚ್ಚುತ್ತಾ ಹೋಗಲಿ. ಗುಲಾಬಿ ಬತ್ತಿ ಮೂರನೆಯ ಭಾನುವಾರಕ್ಕೆ. ಅದು ಆನಂದದ ಭಾನುವಾರ. ಈ ಪದ್ಧತಿ ಮೊದಲು ಬೆಳೆದದ್ದು ಜರ್ಮನಿಯ ಲೂಥೆರನ್ ಕ್ರೈಸ್ತರಲ್ಲಿ. ಕಥೋಲಿಕ ಮನೆಗಳು ಅದನ್ನು ಮನಸಾರೆ ತಮ್ಮದಾಗಿಸಿಕೊಂಡವು.

ರಾತ್ರಿ ಊಟಕ್ಕೆ ಮುಂಚೆ ಬತ್ತಿ ಹಚ್ಚಿ, ಬೈಬಲ್ಲಿನ ಕೆಲವು ಸಾಲು ಓದಿ, ಯೇಸುವಿನ ತಾಯಿ ಮರಿಯಮ್ಮನವರಿಗೆ ಸಲ್ಲಿಸುವ ‘ನಮೋ ಮರಿಯಾ’ ಪ್ರಾರ್ಥನೆ ಒಮ್ಮೆ ಹೇಳಿದರೆ ಸಾಕು. ದಿನವೂ ಐದು ನಿಮಿಷ ನಡೆಯುವ ಪ್ರಾರ್ಥನೆ ಅಪರೂಪಕ್ಕೊಮ್ಮೆ ನಡೆಯುವ ಉದ್ದದ ಪ್ರಾರ್ಥನೆಗಿಂತ ಹೆಚ್ಚು ಬೇರೂರುತ್ತದೆ. ಒಣಗಿದ ಎಲೆಗೆ ಬೇಗ ಬೆಂಕಿ ತಗಲುತ್ತದೆ, ಪ್ರಾರ್ಥನೆ ಮುಗಿದ ಕೂಡಲೇ ಬತ್ತಿ ಆರಿಸಿ.

ಓದುವುದೇನು ಎಂಬ ಪ್ರಶ್ನೆಗೆ ಜೆಸ್ಸೆಯ ಮರ ಒಳ್ಳೆಯ ಉತ್ತರ. ಜೆಸ್ಸೆ ಅರಸ ದಾವೀದನ ತಂದೆ. ಅವನ ಬುಡದಿಂದ ಚಿಗುರೊಡೆಯುವುದೆಂದು ಪ್ರವಾದಿ ಯೆಶಾಯ ಹೇಳಿದ್ದಾನೆ; ಆ ಚಿಗುರು ಯೇಸುವೇ ಎಂಬುದು ಕ್ರೈಸ್ತರ ನಂಬಿಕೆ. ಒಂದು ಒಣ ಕೊಂಬೆಯನ್ನು ಕುಂಡದಲ್ಲಿ ನಿಲ್ಲಿಸಿ, ದಿನಕ್ಕೊಂದು ಕತೆ ಓದಿ, ಅದರ ಗುರುತನ್ನು ಕಾಗದದಲ್ಲಿ ಕತ್ತರಿಸಿ ತೂಗುಹಾಕಿ. ನೋವನಿಗೆ ನಾವೆ, ಯಕೋಬನಿಗೆ ಏಣಿ, ಮೋಶೆಗೆ ಎರಡು ಶಿಲಾಫಲಕ, ರೂತಳಿಗೆ ತೆನೆ, ದಾವೀದನಿಗೆ ಕಿನ್ನರಿ. ಚಿತ್ರಗಳನ್ನು ಅಂಗಡಿಯಿಂದ ತರಬೇಡಿ, ಮಕ್ಕಳೇ ಬಿಡಿಸಲಿ.

ಆಮೇಲೆ ಗೋದಲಿ

ಅಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಏರ್ಪಡಿಸಿದಾಗ ಅಲ್ಲಿ ಬೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ ಇದ್ದವು. ಅಲ್ಲೇ ಬಲಿಪೂಜೆ, ಅಂದರೆ ಕಥೋಲಿಕರ ಮುಖ್ಯ ಆರಾಧನೆ, ನಡೆಯಿತು. ಆದ್ದರಿಂದ ದುಬಾರಿ ಬೊಂಬೆಗಳಿಲ್ಲವೆಂದು ಯಾರೂ ಕುಗ್ಗಬೇಕಿಲ್ಲ. ಮಣ್ಣು, ರಟ್ಟು, ಬಟ್ಟೆ, ಯಾವುದರಲ್ಲಾದರೂ ಮಾಡಿ.

ಗೋದಲಿಯನ್ನು ಒಂದೇ ದಿನ ತುಂಬಬೇಡಿ. ಮೊದಲು ಕೊಟ್ಟಿಗೆ ಮತ್ತು ಪ್ರಾಣಿಗಳು. ಮರಿಯಮ್ಮ, ಜೋಸೆಫರು ಕೋಣೆಯ ದೂರದ ಮೂಲೆಯಿಂದ ದಿನವೂ ಸ್ವಲ್ಪ ಸ್ವಲ್ಪ ಮುಂದೆ ಸಾಗಿ ಬರಲಿ. ತೊಟ್ಟಿ ಮಾತ್ರ ಬರಿದಾಗಿರಲಿ. ಪಕ್ಕದಲ್ಲಿ ಒಂದು ಹಿಡಿ ಹುಲ್ಲಿಡಿ: ಯಾರಿಗಾದರೂ ಸಹಾಯ ಮಾಡಿದ, ಜಗಳವಾಡಿ ಕ್ಷಮೆ ಕೇಳಿದ ಮಗು ಒಂದೊಂದು ಕಡ್ಡಿಯನ್ನು ತೊಟ್ಟಿಗೆ ಹಾಕಲಿ. ಬಾಲಯೇಸುವಿನ ಹಾಸಿಗೆ ಹೀಗೆ ಮೆತ್ತಗಾಗಬೇಕು. ಎಷ್ಟು ಕಡ್ಡಿ ಯಾರದು ಎಂದು ಎಣಿಸುವುದು, ಹೋಲಿಸುವುದು ಬೇಡವೇ ಬೇಡ. ದೊಡ್ಡವರೂ ಹಾಕಲಿ.

24ರ ರಾತ್ರಿ

ಬಲಿಪೂಜೆಗೆ ಹೊರಡುವ ಮುನ್ನ, ಅಥವಾ ಮರಳಿ ಬಂದ ಮೇಲೆ, ಮನೆಯ ವಿದ್ಯುತ್ ದೀಪಗಳನ್ನು ಆರಿಸಿ ವಲಯದ ಬತ್ತಿಗಳನ್ನು ಹಚ್ಚಿ. ಬೈಬಲ್ಲಿನ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದ 1ರಿಂದ 20ನೆಯ ವಚನಗಳನ್ನು ಹಿರಿಯರೊಬ್ಬರು ಓದಲಿ, ಮನೆಯ ಕಿರಿಯ ಮಗು ಬಾಲಯೇಸುವನ್ನು ತೊಟ್ಟಿಯಲ್ಲಿ ಮಲಗಿಸಲಿ. ಕ್ರಿಸ್ಮಸ್ ಹಾಡುಗಳನ್ನು ಮನಸ್ಸು ತುಂಬಿ ಹಾಡಿ. ಉಡುಗೊರೆಗಳು ಇದೆಲ್ಲ ಆದ ಮೇಲೆ.

25ರ ನಂತರವೂ ಹಬ್ಬ

ಎಂಟು ದಿನಗಳ ಅಷ್ಟಕ ಈಗ ಶುರು. 26ರಂದು ನಂಬಿಕೆಗಾಗಿ ಪ್ರಾಣ ಕೊಟ್ಟ ಮೊದಲ ರಕ್ತಸಾಕ್ಷಿ ಸಂತ ಸ್ತೆಫಾನರ ಹಬ್ಬ, 27ರಂದು ಯೇಸುವಿನ ಪ್ರೇಷಿತ (ಶಿಷ್ಯ) ಯೊವಾನ್ನರದು, 28ರಂದು ಅರಸ ಹೆರೋದನ ಕತ್ತಿಗೆ ಬಲಿಯಾದ ನಿರ್ದೋಷಿ ಮಕ್ಕಳದು. ಆ ದಿನ ತಂದೆತಾಯಿ ತಮ್ಮ ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಹಣೆಗೆ ಶಿಲುಬೆಯ ಗುರುತು ಹಾಕಿ ಆಶೀರ್ವದಿಸುವುದು ಅತ್ಯಂತ ಸುಂದರ ಪದ್ಧತಿ. ಜನವರಿ 1 ದೇವಮಾತೆ ಮರಿಯಮ್ಮನವರ ಮಹೋತ್ಸವ.

ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಬೊಂಬೆಗಳು ಗೋದಲಿಗೆ ತಲುಪಬೇಕಾದದ್ದು ಜನವರಿ 6ರಂದು. ಕೆಲವು ದೇಶಗಳಲ್ಲಿ ಈ ಹಬ್ಬವನ್ನು ಜನವರಿ 2ರಿಂದ 8ರ ನಡುವಿನ ಭಾನುವಾರಕ್ಕೆ ಇಟ್ಟಿರುತ್ತಾರೆ. ಅಂದು ಗುರುಗಳು ಮಂತ್ರಿಸಿದ ಸೀಮೆಸುಣ್ಣದಿಂದ ಬಾಗಿಲ ಮೇಲೆ ಆ ವರ್ಷದ ಅಂಕಿಗಳ ನಡುವೆ ಸಿ, ಎಂ, ಬಿ ಅಕ್ಷರಗಳನ್ನು ಬರೆಯುತ್ತಾರೆ. 2027 ಆದರೆ 20 + ಸಿ + ಎಂ + ಬಿ + 27. ಇವು ಸಂಪ್ರದಾಯ ಹೇಳುವ ಆ ಮೂವರ ಹೆಸರಿನ ಮೊದಲಕ್ಷರಗಳು. ‘ಕ್ರಿಸ್ತರು ಈ ಮನೆಯನ್ನು ಆಶೀರ್ವದಿಸಲಿ’ ಎಂಬ ಲತೀನ್ ಪ್ರಾರ್ಥನೆಯ ಅಕ್ಷರಗಳೂ ಹೌದು. ತೀರ್ಥ ಚಿಮುಕಿಸುತ್ತಾ ಕೋಣೆ ಕೋಣೆಗೂ ಹೋಗಿ ಯೇಸು ಕಲಿಸಿದ ಪ್ರಾರ್ಥನೆಯಾದ ‘ಪರಲೋಕ ಮಂತ್ರ’ ಹೇಳಿ.

ರಾಯರ ಹಬ್ಬದ ಬಳಿಕ ಬರುವ ಪ್ರಭು ಯೇಸುವಿನ ದೀಕ್ಷಾಸ್ನಾನದ ಹಬ್ಬ ಮುಗಿದಾಗ ಕ್ರಿಸ್ಮಸ್ ಕಾಲ ಮುಗಿಯುತ್ತದೆ. ಅಲ್ಲಿಯವರೆಗೆ ಗೋದಲಿ ಇರಲಿ. ಇನ್ನೂ ಇಡಬೇಕೆನಿಸಿದರೆ, ಫೆಬ್ರವರಿ 2ರ ಪ್ರಭುವಿನ ಸಮರ್ಪಣೆಯ ಹಬ್ಬದವರೆಗೂ ಉಳಿಸಿಕೊಳ್ಳುವ ಹಳೆಯ ವಾಡಿಕೆಯೊಂದಿದೆ.